ಗುರುತು ಸಿಕ್ಕಿತೇ?

ಬಹಳ ವರ್ಷಗಳ ಮೇಲೆ ಎದುರಾದವರು ನಮ್ಮಲ್ಲಿ ಮೊದಲು ಕೇಳುವುದು "ಗುರುತು ಸಿಕ್ಕಿತಾ?" ಎಂದು. 'ಗುರುತು' ಎಂಬ ಈ ಪದ ಬಲು ಸೊಗಸಿನದು. ದನದ ಮೈಮೇಲೆ ಒತ್ತುವ ಮುದ್ರೆಯೂ ಗುರುತು, ಓದುತ್ತಿದ್ದ ಪುಟದಲ್ಲಿ ಇಟ್ಟ ನವಿಲುಗರಿಯೂ ಗುರುತು. ಮುಖ ದಿಟ್ಟಿಸಿ ನೋಡಿ "ಓ, ನೀವಾ!" ಎನ್ನುವ ಕ್ಷಣದಲ್ಲಿ ಮನಸ್ಸಿಗೆ ಸಿಗುವುದೂ ಗುರುತೇ. ಹಾಕುವುದಕ್ಕೂ ಸಿಗುವುದಕ್ಕೂ ಒಂದೇ ಮಾತು. ಅಮೆರಿಕದ ಕಾಡುತೊರೆಗಳಲ್ಲಿ ಸಾಲಮ್ಯಾಂಡರ್‌ಗಳನ್ನು ಎಣಿಸುವ ಕೆಲಸದ ಬಗ್ಗೆ ಓದಿದಾಗಲೆಲ್ಲ ನನಗೆ ಈ ಪದ ನೆನಪಾಗುತ್ತದೆ. ಹಿಡಿದು ಗುರುತು ಹಾಕುವುದು, ಬಿಟ್ಟುಬಿಡುವುದು, ಇನ್ನೊಂದು ದಿನ ಹೋಗಿ ಗುರುತು ಹಿಡಿಯುವುದು. ಇಡೀ ವಿಧಾನ ಇಷ್ಟೇ. ಇಷ್ಟರಲ್ಲಿ ಎಷ್ಟು ಚೆಲುವಿದೆ ಎಂದು ಹೇಳುವ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ.

ಸಾಲಮ್ಯಾಂಡರ್ ಕಪ್ಪೆಯ ಬಳಗದ್ದು, ಆಕಾರ ಮಾತ್ರ ಹಲ್ಲಿಯದು. ಕಪ್ಪೆ ಬೆಳೆಯುತ್ತ ಬಾಲ ಕಳೆದುಕೊಂಡರೆ ಇದು ಬದುಕಿಡೀ ಬಾಲ ಉಳಿಸಿಕೊಳ್ಳುತ್ತದೆ. ಹುರುಪೆಯಿಲ್ಲ, ಉಗುರಿಲ್ಲ, ಮೈಗೆಲ್ಲ ಒದ್ದೆ ಚರ್ಮವೊಂದೇ. ನಮ್ಮ ಮಲೆನಾಡಿನ ಹಳ್ಳಗಳಲ್ಲಿ ಇದು ಇಲ್ಲ. ಭಾರತದಲ್ಲಿ ಇದರ ನಂಟರನ್ನು ನೋಡಬೇಕೆಂದರೆ ಡಾರ್ಜಿಲಿಂಗಿನ ಕಡೆಗೋ ಈಶಾನ್ಯದ ಬೆಟ್ಟಗಳಿಗೋ ಹೋಗಬೇಕು. ನಾನು ಹೇಳಹೊರಟದ್ದು ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ತೊರೆಗಳಲ್ಲಿರುವ 'ಸ್ಪ್ರಿಂಗ್ ಸಾಲಮ್ಯಾಂಡರ್' ಎಂಬ ಜಾತಿಯ ಮಾತು. ಸ್ಪ್ರಿಂಗ್ ಎಂದರೆ ಇಲ್ಲಿ ವಸಂತವಲ್ಲ, ಒರತೆ. ಬೆಟ್ಟದಲ್ಲಿ ಒಸರಿ ಕಲ್ಲುಗಳ ನಡುವೆ ಇಳಿದು ಬರುವ ತಣ್ಣನೆಯ ನೀರೇ ಇದರ ಮನೆ. 1827ರಲ್ಲಿ ಜೇಕಬ್ ಗ್ರೀನ್ ಎಂಬ ವಿಜ್ಞಾನಿ ಇದನ್ನು ಮೊದಲ ಬಾರಿಗೆ ವರ್ಣಿಸಿ ಹೆಸರಿಟ್ಟರು. ಗೇಣುದ್ದ ಬೆಳೆಯುತ್ತದೆ. ಬಣ್ಣ ಕಿತ್ತಳೆಗೂ ಗುಲಾಬಿಗೂ ನಡುವಿನದು. ಕೆಂಪು ಸೀಬೆಯ ತಿರುಳಿಗೆ ಚಿಟಿಕೆ ಅರಿಸಿನ ಕಲಸಿದ ಹಾಗೆ. ಕಣ್ಣಿನಿಂದ ಮೂಗಿನ ಹೊಳ್ಳೆಗೆ ಒಂದು ತಿಳಿಗೆರೆ ಇಳಿಯುತ್ತದೆ, ಯಾರೋ ತೆಳುವಾದ ಕುಂಚದಿಂದ ಎಳೆದಂತೆ.

ಇದಕ್ಕೆ ಶ್ವಾಸಕೋಶವೇ ಇಲ್ಲ. ದೊಡ್ಡದಾದ ಮೇಲೆ ಉಸಿರೆಲ್ಲ ಚರ್ಮದಿಂದ, ಬಾಯಿಯ ಒಳಪೊರೆಯಿಂದ. ಹಾಗಾಗಿ ಮೈ ಸದಾ ಒದ್ದೆಯಾಗಿರಬೇಕು, ನೀರು ತಣ್ಣಗಿರಬೇಕು, ಹರಿಯುತ್ತಿರಬೇಕು. ನೀರಿನಲ್ಲಿ ಏನು ಕಲೆತರೂ ಅದು ನೇರವಾಗಿ ಈ ಚರ್ಮಕ್ಕೆ ತಾಗುತ್ತದೆ. ತೊರೆಯ ಕ್ಷೇಮ ಕೇಳಬೇಕೆಂದರೆ ಕೇಳಬೇಕಾದದ್ದು ಇದನ್ನೇ.

ಕಾಡಿನಲ್ಲಿ ಸಾಲಮ್ಯಾಂಡರ್‌ಗಳ ಪಾಲು ಎಷ್ಟೆಂಬುದು ತಿಳಿದಾಗ ಅಚ್ಚರಿಯಾಗುತ್ತದೆ. ನ್ಯೂ ಹ್ಯಾಂಪ್‌ಶೈರ್‌ನ ವೈಟ್ ಮೌಂಟನ್ಸ್ ಬೆಟ್ಟಸಾಲಿನಲ್ಲಿ ಹಬ್ಬರ್ಡ್ ಬ್ರೂಕ್ ಎಂಬ ಪ್ರಾಯೋಗಿಕ ಅರಣ್ಯವಿದೆ. 1955ರಲ್ಲಿ ಅಲ್ಲಿನ ಅರಣ್ಯ ಇಲಾಖೆ ಸ್ಥಾಪಿಸಿದ್ದು. ಉತ್ತರ ಅಮೆರಿಕದಲ್ಲಿ ಆಮ್ಲಮಳೆಯ ಸಂಗತಿ ಬೆಳಕಿಗೆ ಬಂದದ್ದು ಅಲ್ಲಿಂದಲೇ. ಅಲ್ಲಿನ ಸಾಲಮ್ಯಾಂಡರ್‌ಗಳನ್ನೆಲ್ಲ ಲೆಕ್ಕ ಹಾಕಿ ಬರ್ಟನ್ ಮತ್ತು ಲೈಕೆನ್ಸ್ ಎಂಬ ವಿಜ್ಞಾನಿಗಳು 1975ರಲ್ಲಿ ಒಂದು ಪ್ರಬಂಧ ಬರೆದರು. ಅವುಗಳ ಒಟ್ಟು ತೂಕ, ಗೂಡು ಕಟ್ಟುವ ಕಾಲದಲ್ಲಿ ಆ ಕಾಡಿನಲ್ಲಿರುವ ಹಕ್ಕಿಗಳ ಒಟ್ಟು ತೂಕದ ಎರಡರಷ್ಟು! ಹಕ್ಕಿ ಕೂಗಿ ತಾನಿದ್ದೇನೆಂದು ಹೇಳುತ್ತದೆ. ಸಾಲಮ್ಯಾಂಡರ್‌ಗೆ ಹಾಡಿಲ್ಲ. ಕಲ್ಲಿನಡಿಯಲ್ಲಿ, ತರಗೆಲೆಯಡಿಯಲ್ಲಿ ಸದ್ದಿಲ್ಲದೆ ಬದುಕಿ ಸದ್ದಿಲ್ಲದೆ ಹೋಗುತ್ತದೆ. ಹೀಗೆ ಬಚ್ಚಿಟ್ಟುಕೊಂಡವರನ್ನು ಎಣಿಸುವುದು ಹೇಗೆ?

ಹಳ್ಳದಲ್ಲಿ ಏಡಿ ಹಿಡಿದವರಿಗೆ ಈ ಕೆಲಸದ ಅರ್ಧಭಾಗ ಆಗಲೇ ಗೊತ್ತು. ಬೇಸಿಗೆಯಲ್ಲಿ ತೊರೆಯ ಒಂದು ಭಾಗವನ್ನು, ಹೆಚ್ಚೂಕಡಿಮೆ ಒಂದು ಕಿಲೋಮೀಟರ್ ಅಂತಿಟ್ಟುಕೊಳ್ಳಿ, ಆರಿಸಿಕೊಳ್ಳುತ್ತಾರೆ. ಕೆಳಗಿನಿಂದ ಮೇಲಕ್ಕೆ ನಡೆಯುತ್ತಾರೆ, ಕದಡಿದ ನೀರು ಹಿಂದಕ್ಕೆ ಹೋಗಿ ಮುಂದಿನದು ತಿಳಿಯಾಗಿಯೇ ಇರಲಿ ಎಂದು. ಬಗ್ಗಿ ಒಂದು ಕಲ್ಲಿನ ಅಂಚು ಎತ್ತುತ್ತಾರೆ. ಅದರ ಕೆಳಮಗ್ಗುಲಲ್ಲಿ ಚಿಕ್ಕ ಬಲೆ ಹಿಡಿದಿರುತ್ತಾರೆ. ಕೆಸರು ಹೊಗೆಯಂತೆ ಎದ್ದು ಇಳಿಯುತ್ತದೆ. ಹೆಚ್ಚಿನ ಸಲ ಅಡಿಯಲ್ಲಿ ಏನೂ ಇರುವುದಿಲ್ಲ. ಕಲ್ಲನ್ನು ಇದ್ದ ಹಾಗೆಯೇ ಇಟ್ಟು ಮುಂದಿನದಕ್ಕೆ ಕೈ ಹಾಕುತ್ತಾರೆ. ಬೆನ್ನು ನೋಯುತ್ತದೆ, ಬೆರಳು ಮರಗಟ್ಟುತ್ತದೆ. ಯಾವುದೋ ಒಂದು ಕಲ್ಲಿನಡಿಯಲ್ಲಿ ಆ ಸೀಬೆಬಣ್ಣದ ಮೈ ಹೊರಳುತ್ತದೆ.

ಮುಂದಿನ ಐದು ನಿಮಿಷದ ನಾಜೂಕು ನೋಡಬೇಕು. ಒಣಗೈಯಿಂದ ಮುಟ್ಟುವಂತಿಲ್ಲ. ಸೊಳ್ಳೆ ಮುಲಾಮು ಹಚ್ಚಿದ ಕೈಯಂತೂ ಕೂಡದು. ಈ ಚರ್ಮವೇ ಅದರ ಮೂಗು. ಅದೇ ತೊರೆಯ ನೀರು ತುಂಬಿದ ಪಾರದರ್ಶಕ ಪ್ಲಾಸ್ಟಿಕ್ ಚೀಲಕ್ಕೆ ಇಳಿಸುತ್ತಾರೆ. ಉದ್ದ ಅಳೆಯುತ್ತಾರೆ, ತೂಗುತ್ತಾರೆ. ಆಮೇಲೆ ಗುರುತು. ಹಿಂದೆ ಕಾಲ್ಬೆರಳಿನ ತುದಿ ಕತ್ತರಿಸಿ ಗುರುತು ಮಾಡುವ ಪದ್ಧತಿಯಿತ್ತು. ಸಾಲಮ್ಯಾಂಡರ್ ಬೆರಳು ಮತ್ತೆ ಚಿಗುರುವುದರಿಂದ ಆ ಗುರುತು ಅಳಿಸಿಹೋಗುತ್ತಿತ್ತು. ಈಗ ಇನ್ಸುಲಿನ್ ಚುಚ್ಚುವ ಸಿರಿಂಜಿನಷ್ಟು ಸಣ್ಣ ಸೂಜಿಯಿಂದ, ಹೊಟ್ಟೆಯ ಕಡೆಯ ತೆಳುಚರ್ಮದ ಅಡಿಗೆ ಬಣ್ಣದ ದ್ರವವೊಂದನ್ನು ಎಳ್ಳುಕಾಳಿನಷ್ಟು ಸೇರಿಸುತ್ತಾರೆ. ಅದು ಒಳಗೇ ರಬ್ಬರಿನಂತೆ ಗಟ್ಟಿಯಾಗುತ್ತದೆ, ಮೈ ಬಳುಕಿದರೆ ತಾನೂ ಬಳುಕುತ್ತದೆ. ನೀಲಿ ಟಾರ್ಚು ಬಿಟ್ಟರೆ ಮಿಂಚುತ್ತದೆ.

ಇದರ ಲೆಕ್ಕವೂ ಚೆಂದ. ಮುಂಗಾಲುಗಳ ಹತ್ತಿರ ಎರಡು ಜಾಗ, ಹಿಂಗಾಲುಗಳ ಹತ್ತಿರ ಎರಡು. ಕೆಂಪು, ಹಳದಿ, ಹಸಿರು ಎಂದು ಮೂರೇ ಬಣ್ಣ ಇಟ್ಟುಕೊಂಡರೂ ಸಾಕು, ಖಾಲಿ ಬಿಡುವುದು ನಾಲ್ಕನೆಯ ಆಯ್ಕೆಯಾಗುತ್ತದೆ. ನಾಲ್ಕು ಜಾಗಕ್ಕೆ ನಾಲ್ಕು ಆಯ್ಕೆಯಂತೆ 256 ಬಗೆ. ನಾಲ್ಕೂ ಖಾಲಿಯಿರುವ ಒಂದನ್ನು ಕಳೆದರೆ 255 ಹೆಸರುಗಳು. ಎಳ್ಳುಕಾಳಿನಷ್ಟು ಬಣ್ಣದಲ್ಲಿ ಒಂದು ಊರಿಗಾಗುವಷ್ಟು ನಾಮಕರಣ! ಹೆಸರು ಪಡೆದ ಜೀವಿಯನ್ನು ಅದು ಸಿಕ್ಕ ಕಲ್ಲಿನ ಅಡಿಗೇ ಮರಳಿ ಬಿಡುತ್ತಾರೆ. ಅದು ತೊರೆಯ ಎಷ್ಟನೆಯ ಮೀಟರಿನಲ್ಲಿ ಸಿಕ್ಕಿತೆಂದು ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ.

ಈಗ ಎಣಿಕೆ. ಉದಾಹರಣೆಗೆ 40ಕ್ಕೆ ಗುರುತು ಹಾಕಿ ಬಿಟ್ಟೆವೆನ್ನಿ. ಕೆಲವು ದಿನ ಬಿಟ್ಟು ಹೋದಾಗ 50 ಸಿಕ್ಕವು, ಅವುಗಳಲ್ಲಿ 10ರ ಮೈಮೇಲೆ ಗುರುತಿತ್ತು. ಸಿಕ್ಕವುಗಳಲ್ಲಿ ಐದಕ್ಕೊಂದು ಹಳೆಯ ಪರಿಚಯ. ಹಾಗಾದರೆ ತೊರೆಯಲ್ಲಿರುವ ಎಲ್ಲದರಲ್ಲೂ ಐದಕ್ಕೊಂದರಂತೆ ನಮ್ಮ 40 ಸೇರಿಕೊಂಡಿರಬೇಕು, ಒಟ್ಟು 200. ಎಂದೂ ಕಾಣದ ಜೀವಿಗಳ ಲೆಕ್ಕ, ಎರಡನೆಯ ಸಲ ಕಂಡವುಗಳಿಂದ ದೊರೆಯಿತು. ಫ್ರಾನ್ಸಿನ ಗಣಿತಜ್ಞ ಲಾಪ್ಲಾಸ್ 1802ರಲ್ಲಿ ತನ್ನ ದೇಶದ ಜನಸಂಖ್ಯೆಯನ್ನು ಜನನದ ದಾಖಲೆಗಳಿಂದ ಅಂದಾಜು ಮಾಡಿದ್ದು ಇಂಥದೇ ತರ್ಕದಿಂದ. ಡೆನ್ಮಾರ್ಕಿನ ವಿಜ್ಞಾನಿ ಪೀಟರ್ಸನ್ 1896ರಲ್ಲಿ ಮೀನಿಗೆ ಗುರುತು ಕಟ್ಟುವ ಬಗ್ಗೆ ಬರೆದರು. ಅಮೆರಿಕದ ಪಕ್ಷಿವಿಜ್ಞಾನಿ ಲಿಂಕನ್ 1930ರಲ್ಲಿ ಬಾತುಕೋಳಿಗಳ ಕಾಲುಂಗುರದಿಂದ ಅವುಗಳ ಸಂಖ್ಯೆ ತೆಗೆದರು. ಇವತ್ತಿಗೂ ಈ ಸೂತ್ರಕ್ಕೆ ಲಿಂಕನ್ ಮತ್ತು ಪೀಟರ್ಸನ್ ಹೆಸರೇ ಇದೆ.

ನನ್ನನ್ನು ಬಹಳ ಹಿಡಿದಿಟ್ಟದ್ದು ಇದರ ಮುಂದಿನ ಹೆಜ್ಜೆ. ಗುರುತು ಹಾಕಿದ ಒಂದು ಸಾಲಮ್ಯಾಂಡರ್ ಮರುವರ್ಷ ಕಾಣಲಿಲ್ಲ. ಸತ್ತಿತೇ, ಬೇರೆ ಕಡೆಗೆ ಹೋಯಿತೇ, ಇಲ್ಲೇ ನಾವು ಎತ್ತದ ಕಲ್ಲಿನಡಿಯಲ್ಲಿ ಕೂತಿದೆಯೇ? ಅವಸರದವರು ಸತ್ತಿತೆಂದು ಬರೆದುಬಿಡುತ್ತಾರೆ. ಈ ವಿಧಾನ ಕಾಯುತ್ತದೆ. ಮೊದಲ ವರ್ಷ ಕಂಡು, ಎರಡನೆಯ ವರ್ಷ ಕಾಣದೆ, ಮೂರನೆಯ ವರ್ಷ ಮತ್ತೆ ಕಂಡಿತೆನ್ನಿ. ಎರಡನೆಯ ವರ್ಷವೂ ಅದು ಬದುಕಿಯೇ ಇತ್ತು, ಕಾಣದೆ ಹೋದದ್ದು ನಮ್ಮ ಕಣ್ಣಿಗೆ. ಅಂಥ ಸಾವಿರ ದಾಖಲೆಗಳನ್ನು ಒಟ್ಟಿಗಿಟ್ಟರೆ ಬದುಕುಳಿಯುವ ಸಾಧ್ಯತೆ ಎಷ್ಟು, ಕಣ್ಣಿಗೆ ಬೀಳುವ ಸಾಧ್ಯತೆ ಎಷ್ಟು ಎಂದು ಬೇರೆ ಬೇರೆಯಾಗಿ ಬಿಡಿಸಬಹುದು. 1964 ಮತ್ತು 1965ರಲ್ಲಿ ಕಾರ್ಮ್ಯಾಕ್, ಜಾಲಿ, ಸೀಬರ್ ಎಂಬ ಮೂವರು ಸಂಖ್ಯಾಶಾಸ್ತ್ರಜ್ಞರು ಇದಕ್ಕೆ ದಾರಿ ಮಾಡಿಕೊಟ್ಟರು. ಕಾಣದ್ದೆಲ್ಲ ಇಲ್ಲದ್ದಲ್ಲ ಎಂಬ ವಿವೇಕವನ್ನು ಗಣಿತದಲ್ಲಿ ಬರೆದಿಟ್ಟವರು ಅವರು.

ಈ ವಿವೇಕ ಕರ್ನಾಟಕಕ್ಕೆ ಹುಲಿಯ ದಾರಿಯಿಂದ ಬಂತು. ಹೆಜ್ಜೆಗುರುತು ನೋಡಿ ಕಾಡಿನ ಹುಲಿಗಳನ್ನೆಲ್ಲ ಎಣಿಸಿದೆವು ಎನ್ನುತ್ತಿದ್ದ ಕಾಲದಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ಕ್ಯಾಮೆರಾ ಕಟ್ಟಿದರು. ಹುಲಿಗೆ ಬಣ್ಣ ಹಾಕುವ ಕಷ್ಟವಿಲ್ಲ, ಮೈಮೇಲಿನ ಪಟ್ಟೆಯೇ ಅದರ ಗುರುತು, ಒಂದರಂತೆ ಇನ್ನೊಂದಿಲ್ಲ. ಅದೇ ಹುಲಿ ಎರಡನೆಯ ಸಲ ಚಿತ್ರಕ್ಕೆ ಸಿಕ್ಕರೆ ಅದೇ ಮರುಭೇಟಿ. ಆ ಕೆಲಸ 1995ರಲ್ಲಿ ಪ್ರಕಟವಾಯಿತು. ನಾಗರಹೊಳೆಯ ಹುಲಿಗೂ ನ್ಯೂ ಹ್ಯಾಂಪ್‌ಶೈರ್‌ನ ಗೇಣುದ್ದದ ಜೀವಿಗೂ ಒಂದೇ ಲೆಕ್ಕ ಎಂಬುದು ನನಗೆ ತುಂಬ ಹಿತವಾಗಿ ಕಾಣುತ್ತದೆ. ಆ ಲೆಕ್ಕಕ್ಕೆ ದೊಡ್ಡದು ಚಿಕ್ಕದು ಎಂಬ ಭೇದವಿಲ್ಲ.

ಮತ್ತೆ ತೊರೆಗೆ ಬರೋಣ. ಮೊಂಟಾನಾ ವಿಶ್ವವಿದ್ಯಾಲಯದ ವಿನ್ಸರ್ ಲೋ ಎಂಬ ಪರಿಸರ ವಿಜ್ಞಾನಿ ಈ ಒಂದು ಜಾತಿಯ ಹಿಂದೆ ಎರಡು ದಶಕಕ್ಕೂ ಹೆಚ್ಚು ಕಾಲ ನಡೆದಿದ್ದಾರೆ. ಬೇಸಿಗೆಯ ಮೇಲೆ ಬೇಸಿಗೆ, ಅದೇ ತೊರೆ, ಅದೇ ಕಲ್ಲು. ಸಹೃದಯನೊಬ್ಬ ಒಂದೇ ರಾಗವನ್ನು ವರ್ಷಗಟ್ಟಲೆ ಕೇಳಿದ ಹಾಗೆ. ಹಾಗೆ ಕೇಳಿದವರಿಗೆ ಮಾತ್ರ ಸಿಗುವ ಸೂಕ್ಷ್ಮಗಳು ಅವರಿಗೆ ಸಿಕ್ಕವು. ಗುರುತು ಹಾಕಿದವುಗಳಲ್ಲಿ ಹೆಚ್ಚಿನವು ಹಿಂದೆ ಸಿಕ್ಕ ಜಾಗದಿಂದ ಕೆಲವೇ ಮೀಟರ್ ಆಚೀಚೆ ಮತ್ತೆ ಸಿಗುತ್ತಿದ್ದವು. ಅಪರೂಪಕ್ಕೆ ಕೆಲವು ದೂರ ಹೋಗಿರುತ್ತಿದ್ದವು. ಹಾಗೆ ಹೊರಟವು ಹೆಚ್ಚಾಗಿ ನೀರಿನ ಸೆಳೆತಕ್ಕೆ ಎದುರಾಗಿ, ಮೇಲಕ್ಕೆ ಹೋಗಿದ್ದವು! ಗೇಣುದ್ದದ ಮೈ, ಮೋಟು ಕಾಲು, ಎದುರಿನಿಂದ ಧುಮುಕುವ ಬೆಟ್ಟದ ನೀರು. ಎಣಿಸಲು ಹಾಕಿದ ಒಂದು ಚುಕ್ಕೆ ಬಣ್ಣದಿಂದ ಇಂಥ ಒಂದು ಪ್ರಯಾಣ ತಿಳಿಯಿತಲ್ಲ, ಅದೇ ಈ ವಿಧಾನದ ಕೊಡುಗೆ.

ತಿಳಿದದ್ದೆಲ್ಲ ಸಂತೋಷದ ಸುದ್ದಿಯಲ್ಲ. ಮೆರಿಲ್ ಬ್ರೂಕ್ ಎಂಬ ತೊರೆಯಲ್ಲಿ 1999ರಿಂದ 2010ರವರೆಗೆ ಸತತ 12 ವರ್ಷ ಎಣಿಸಿದಾಗ ಬೆಳೆದ ಸಾಲಮ್ಯಾಂಡರ್‌ಗಳು ಕಡಿಮೆಯಾಗುತ್ತ ಬಂದದ್ದು ಕಂಡಿತು. ಮರಿಗಳ ಸಂಖ್ಯೆ ಹಾಗೆ ಇಳಿದಿರಲಿಲ್ಲ. ಹುಟ್ಟುವುದಕ್ಕೆ ಕೊರತೆಯಿಲ್ಲ, ಬೆಳೆದು ನಿಲ್ಲುವುದು ಕಡಿಮೆ. ನಡುವೆ ಎಲ್ಲೋ ಸೋರಿಕೆ. ಮರಿಗೆ ಕತ್ತಿನ ಎರಡೂ ಕಡೆ ಗರಿಯಂಥ ಕಿವಿರುಗಳಿರುತ್ತವೆ. ಹಾಗೆ ಮೂರರಿಂದ ಐದು ವರ್ಷ ನೀರಿನಲ್ಲಿ ಕಳೆದು, ಆಮೇಲೆ ಕಿವಿರು ಕರಗಿಸಿಕೊಂಡು ರೂಪ ಬದಲಿಸುತ್ತದೆ. ಆ ಬದಲಾವಣೆಯ ದಿನಗಳಲ್ಲಿ ಅದು ಅತ್ತ ಮರಿಯೂ ಅಲ್ಲ, ಇತ್ತ ದೊಡ್ಡದೂ ಅಲ್ಲ. ಪೂರ್ತಿ ನೀರಿನದಲ್ಲ, ದಡಕ್ಕೆ ಹತ್ತುವ ತ್ರಾಣವೂ ಇಲ್ಲ. ಅದೇ ಹೊತ್ತಿಗೆ ತೊರೆ ಉಕ್ಕಿ ಕಲ್ಲುಗಳು ಉರುಳಿದರೆ ಉಳಿಯುವುದು ಕಷ್ಟ. ಹವಾಮಾನ ಬದಲಾಗಿ ಆ ಪ್ರದೇಶದಲ್ಲಿ ಮಳೆ ಹೆಚ್ಚಿದೆ, ಪ್ರವಾಹವೂ ಹೆಚ್ಚಿದೆ. ಲೋ ಅವರು 2012ರಲ್ಲಿ ಕೊಟ್ಟ ವಿವರಣೆ ಇದು. 2019ರಲ್ಲಿ ಅವರೂ ಸಂಗಡಿಗರೂ ಇನ್ನಷ್ಟು ತೊರೆಗಳ ಮಾಹಿತಿ ಸೇರಿಸಿ, ಹರಿವಿನ ಏರಿಳಿತ ಹೆಚ್ಚಿದಷ್ಟೂ ರೂಪಾಂತರ ದಾಟಿ ಬದುಕುವವು ಕಡಿಮೆಯಾಗುತ್ತವೆ ಎಂದು ತೋರಿಸಿದರು. ಆ ಸಂಗಡಿಗರಲ್ಲಿ ಲೈಕೆನ್ಸ್ ಕೂಡ ಇದ್ದರು, 1975ರಲ್ಲಿ ಹಕ್ಕಿಗಳ ತೂಕದೊಡನೆ ಸಾಲಮ್ಯಾಂಡರ್‌ಗಳನ್ನು ಹೋಲಿಸಿದ ಅದೇ ಲೈಕೆನ್ಸ್. ನಲವತ್ತನಾಲ್ಕು ವರ್ಷದ ನಂಟು!

ಒಂದೇ ದಿನ ಹೋಗಿ ಎಣಿಸಿ ಬಂದಿದ್ದರೆ ಇದು ತಿಳಿಯುತ್ತಿರಲಿಲ್ಲ. ಕಲ್ಲಿನಡಿಯಲ್ಲಿ ಮರಿಗಳು ತುಂಬಿವೆ, ಎಲ್ಲವೂ ಚೆನ್ನಾಗಿದೆ ಎಂದು ಬರೆದುಕೊಂಡು ಬರುತ್ತಿದ್ದೆವು. ಕಳೆದ ವರ್ಷದ ಕೆಂಪು-ಹಸಿರು ಚುಕ್ಕೆಯ ಮರಿ ಈ ವರ್ಷ ದೊಡ್ಡದಾಗಿ ಸಿಕ್ಕಿತೇ ಎಂದು ಹುಡುಕಿದವರಿಗೆ ಮಾತ್ರ ಆ ನಷ್ಟ ಕಂಡಿತು. ಒಂದೊಂದನ್ನೂ ಬಿಡಿಬಿಡಿಯಾಗಿ ಬಲ್ಲವರೇ ಇಡೀ ಸಂಕುಲದ ಕಷ್ಟವನ್ನು ಹೇಳಬಲ್ಲರು. ಮನೆಯಲ್ಲೂ ಊರಲ್ಲೂ ಇದು ನಿಜ. ತೊರೆಯಲ್ಲಿ ಇದಕ್ಕೆ ಅಂಕಿಗಳ ಸಾಕ್ಷಿಯಿದೆ.

ಈ ಕೆಲಸವನ್ನು ನಾನು ಒಂದು ಕಲೆಯೆಂದೇ ಎಣಿಸುತ್ತೇನೆ. ಇದಕ್ಕೆ ತಾಳ್ಮೆ ಬೇಕು, ಹಗುರವಾದ ಕೈ ಬೇಕು, ಸಿಕ್ಕಿದ್ದನ್ನು ಇಟ್ಟುಕೊಳ್ಳದೆ ಬಿಟ್ಟುಕೊಡುವ ಮನಸ್ಸು ಬೇಕು. ಬಿಟ್ಟರೆ ತಾನೆ ಮತ್ತೆ ಸಿಗುವುದು. ಕಲ್ಲನ್ನು ಸರಿಯಾಗಿ ಇಟ್ಟರೆ ತಾನೆ ಅದರಡಿಗೆ ಮತ್ತೆ ಬರುವುದು. ಈ ಎರಡನೆಯ ಮಾತು ನಮಗೂ ಸಲ್ಲುತ್ತದೆ. ನಮ್ಮ ಹಳ್ಳಗಳಲ್ಲಿ ಸಾಲಮ್ಯಾಂಡರ್ ಇಲ್ಲದಿದ್ದರೂ ಏಡಿಯಿದೆ, ಕಪ್ಪೆಮರಿಯಿದೆ, ಕಲ್ಲಿಗಂಟಿದ ನೂರು ಬಗೆಯ ಹುಳುಗಳಿವೆ. ಮುಂದಿನ ಸಲ ಹಳ್ಳಕ್ಕಿಳಿದು ಒಂದು ಕಲ್ಲನ್ನು ಎತ್ತಿ ನೋಡಿದರೆ, ಕಣ್ತುಂಬ ನೋಡಿ, ಆಮೇಲೆ ಅದನ್ನು ಇದ್ದ ಜಾಗದಲ್ಲಿ, ಇದ್ದ ಮಗ್ಗುಲಲ್ಲೇ ಮರಳಿ ಇಡಿ.