ಮೂರು ಪ್ರತಿ, ಒಂದೇ ತಾಲ್ಲೂಕು

ಮನೆಗೆ ಸ್ಟೋರೇಜ್ ಸರ್ವರ್ ತಂದವರು ಎಷ್ಟು ಟಿಬಿ ಎಂದು ಹೇಳಿಕೊಳ್ಳುತ್ತಾರೆ. ಸ್ಕ್ರಬ್ ಯಾವಾಗ ಓಡಿತು ಎಂದು ಕೇಳಿದರೆ ಮುಖ ಮುಖ ನೋಡುತ್ತಾರೆ. ಫೋಟೊ, ಸಿನಿಮಾ ಆಪ್‌ಗಳಿಗೆ ಬಣ್ಣದ ಐಕಾನ್ ಇರುತ್ತದೆ, ಸ್ಕ್ರಬ್‌ನ ಸೆಟ್ಟಿಂಗ್ ಮೂರು ಮೆನು ಒಳಗೆ ಅಡಗಿ ಕೂತಿರುತ್ತದೆ. ಪೆಟ್ಟಿಗೆಗೆ ಕೊಟ್ಟ ದುಡ್ಡು ದಕ್ಕುವುದು ಅಲ್ಲೇ.

ಡಿಸ್ಕಿನ ಮೇಲಿನ ಬರಹ ಸದ್ದಿಲ್ಲದೆ ಕೆಡಬಹುದು. ಝಡ್‌ಎಫ್‌ಎಸ್, ಬಿಟಿಆರ್‌ಎಫ್‌ಎಸ್ ಫೈಲ್ ವ್ಯವಸ್ಥೆಗಳು ಪ್ರತಿ ತುಣುಕಿಗೂ ಒಂದು ಚೆಕ್‌ಸಮ್ ಬರೆದಿಡುತ್ತವೆ. ಸ್ಕ್ರಬ್ ಎಲ್ಲವನ್ನೂ ಓದಿ ತಾಳೆ ನೋಡುತ್ತದೆ, ಕೆಟ್ಟದ್ದನ್ನು ಜೋಡಿ ಡಿಸ್ಕಿನ ಒಳ್ಳೆಯ ಪ್ರತಿಯಿಂದ ಸರಿಪಡಿಸುತ್ತದೆ. ತಿಂಗಳಿಗೊಮ್ಮೆ ಸಾಕು.

ಇದೇ ಕೆಲಸ ಕಲ್ಲಿನ ಮೇಲೆ ನಡೆದದ್ದನ್ನು ನೋಡಬೇಕಾದರೆ ಮೊಳಕಾಲ್ಮುರು ತಾಲ್ಲೂಕಿನ ಜಟಿಂಗ ರಾಮೇಶ್ವರ ಬೆಟ್ಟ ಹತ್ತಿ. ಅಲ್ಲಿನ ಅಶೋಕನ ಕಿರು ಶಾಸನವನ್ನು 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಬೆಳಕಿಗೆ ತಂದರು. ಜಾತ್ರೆಯಲ್ಲಿ ಬಳೆಗಾರರು ಅಂಗಡಿ ಹೂಡುತ್ತಿದ್ದ ಬಂಡೆ ಅದು. ಬಳೆಗಾರರ ಗುಂಡು ಎಂದೇ ಹೆಸರು. ಅಕ್ಷರಗಳು ಸವೆದು ಹೋಗಿವೆ. ಆದರೂ ಅಲ್ಲಿ ಏನಿತ್ತೆಂದು ನಮಗೆ ಗೊತ್ತು, ಏಕೆಂದರೆ ಸುವರ್ಣಗಿರಿಯಿಂದ ಇಸಿಲದ ಅಧಿಕಾರಿಗಳಾದ ಮಹಾಮಾತ್ರರಿಗೆ ಬಂದ ಆ ಆಜ್ಞೆ ಹತ್ತಿರದ ಬ್ರಹ್ಮಗಿರಿ, ಸಿದ್ದಾಪುರಗಳ ಬಂಡೆಗಳ ಮೇಲೂ ಇದೆ. ಬ್ರಹ್ಮಗಿರಿಯ ಪ್ರತಿ ಚೆನ್ನಾಗಿ ಉಳಿದಿದೆ. ಅದನ್ನು ಮುಂದಿಟ್ಟುಕೊಂಡೇ ವಿದ್ವಾಂಸರು ಜಟಿಂಗದ ಅಳಿದ ಸಾಲುಗಳನ್ನು ಓದಿದ್ದು.

ಮೂರೂ ಕೆಲವೇ ಮೈಲಿಗಳೊಳಗಿವೆ. ಮೂರರಲ್ಲೂ ಅಶೋಕ ಎಂಬ ಹೆಸರಿಲ್ಲ, ಬರೀ ದೇವಾನಾಂಪ್ರಿಯ ಎಂಬ ಬಿರುದು. ಹೆಸರು ಸಿಕ್ಕಿದ್ದು 1915ರಲ್ಲಿ, ದೂರದ ರಾಯಚೂರು ಜಿಲ್ಲೆಯ ಮಸ್ಕಿಯ ಪ್ರತಿಯಲ್ಲಿ. ಹತ್ತಿರದ ಪ್ರತಿಗಳಲ್ಲಿ ಇಲ್ಲದ್ದನ್ನು ದೂರದ ಪ್ರತಿಯೇ ಕೊಟ್ಟಿತು. ಆದ್ದರಿಂದ ಒಂದೇ ಪೆಟ್ಟಿಗೆಯ ಎರಡು ಡಿಸ್ಕನ್ನು ಬ್ಯಾಕಪ್ ಎಂದು ಕರೆಯಬೇಡಿ. ಸಿಡಿಲು ಹೊಡೆದರೆ ಎರಡೂ ಹೋಗುತ್ತವೆ. ಕೈತಪ್ಪಿ ಅಳಿಸಿದ ಫೈಲ್ ಎರಡರಿಂದಲೂ ಒಟ್ಟಿಗೇ ಮಾಯ. ಅಳಿಸಿದ್ದಕ್ಕೆ ಫೈಲುಗಳ ಹಿಂದಿನ ಸ್ಥಿತಿ ಉಳಿಸಿಡುವ ಸ್ನ್ಯಾಪ್‌ಶಾಟ್ ಇರಲಿ, ಸಿಡಿಲಿಗೆ ಬೇರೆ ಊರಿನ ನೆಂಟರ ಮನೆಯಲ್ಲೊಂದು ಡಿಸ್ಕ್. ಹೊರಗಿನ ಇಂಟರ್ನೆಟ್ಟಿಗೆ ತಾನೇ ಬಾಗಿಲು ತೆರೆದುಕೊಡುವ ರೂಟರಿನ ಯುಪಿಎನ್‌ಪಿಯನ್ನೂ ಆಫ್ ಮಾಡಿ: 2022ರ ಜನವರಿಯಲ್ಲಿ ಡೆಡ್‌ಬೋಲ್ಟ್ ಎಂಬ ಕುತಂತ್ರಾಂಶ, ಇಂಟರ್ನೆಟ್ಟಿಗೆ ನೇರ ತೆರೆದುಕೊಂಡಿದ್ದ ಕ್ಯೂನ್ಯಾಪ್ ಸರ್ವರ್‌ಗಳ ಫೈಲುಗಳಿಗೆ ಬೀಗ ಜಡಿದು 0.03 ಬಿಟ್‌ಕಾಯಿನ್ ಕೇಳಿತ್ತು.

ಇನ್ನು ಕರೆಂಟು. ನಮ್ಮ ಬಯಲುಸೀಮೆಯಲ್ಲಿ ಯುಪಿಎಸ್ ಕೊಳ್ಳದವರಿಲ್ಲ, ಅದರ ಯುಎಸ್‌ಬಿ ಕೇಬಲನ್ನು ಸರ್ವರ್‌ಗೆ ಚುಚ್ಚುವವರು ಕಡಿಮೆ. ಆ ಕೇಬಲ್ ಇಲ್ಲದಿದ್ದರೆ ಕರೆಂಟು ಹೋದದ್ದೇ ಸರ್ವರ್‌ಗೆ ತಿಳಿಯುವುದಿಲ್ಲ. ಬ್ಯಾಟರಿ ಮುಗಿದಾಗ ಬರೆಯುತ್ತಿದ್ದದ್ದು ಅರ್ಧಕ್ಕೇ ನಿಲ್ಲುತ್ತದೆ. ಕೇಬಲ್ ಹಾಕಿ, ಐದು ನಿಮಿಷಕ್ಕೆ ತಾನೇ ಶಟ್‌ಡೌನ್ ಆಗುವಂತೆ ಇಡಿ. ಬ್ಯಾಟರಿ ಪೂರ್ತಿ ಇಳಿಯಲಿ ಎಂದು ಕಾಯುವ ಆಯ್ಕೆ ಹಳೆಯ ಬ್ಯಾಟರಿಯನ್ನು ನಂಬುವ ಕೆಲಸ. ಡಿಸ್ಕನ್ನು ಮಲಗಿಸುವ ಆಯ್ಕೆ ನನಗೆ ಹಿಡಿಸದು. ಪದೇ ಪದೇ ಮಲಗಿ ಏಳುವುದಕ್ಕಿಂತ ಸುಮ್ಮನೆ ತಿರುಗುತ್ತಿರಲಿ.

ಇಷ್ಟೆಲ್ಲ ಮಾಡಿಯೂ ಇಮೇಲ್ ಎಚ್ಚರಿಕೆಯ ಪುಟ ಖಾಲಿ ಬಿಟ್ಟರೆ, ಸ್ಕ್ರಬ್ ಕಂಡುಹಿಡಿದ ದೋಷವನ್ನು ಸರ್ವರ್ ಯಾರಿಗೂ ಹೇಳದು. ಈ ಭಾನುವಾರ ವಿಳಾಸ ತುಂಬಿ, ಟೆಸ್ಟ್ ಮೇಲ್ ಬಟನ್ ಒತ್ತಿ. ಮೇಲ್ ಬಾರದಿದ್ದರೆ ಮೊದಲು ಅದನ್ನು ಸರಿಮಾಡಿಕೊಳ್ಳಿ, ಉಳಿದದ್ದು ಆಮೇಲೆ.