ಗಂಟೆ ಬಾರಿಸಿದೊಡನೆ ಬದಲಾಗುವ ಜನರು

ಕಂಪ್ಯೂಟರ್ ಆಟ ಎಂದೊಡನೆ ಮೂಗು ಮುರಿಯುವ ಹಿರಿಯರು ನಮ್ಮಲ್ಲಿ ಬಹಳ. ಮಕ್ಕಳ ಕಣ್ಣು ಕೆಡುತ್ತದೆ, ಓದು ಕೆಡುತ್ತದೆ ಎಂಬಲ್ಲಿಗೆ ಮಾತು ಮುಗಿದುಹೋಗುತ್ತದೆ. ಆಟದ ಒಳಗೆ ಏನಿದೆ, ಅದು ಜಗತ್ತನ್ನು ಹೇಗೆ ಚಿತ್ರಿಸುತ್ತಿದೆ ಎಂದು ಒಂದು ಕಾದಂಬರಿಯನ್ನೋ ಸಿನಿಮಾವನ್ನೋ ನೋಡುವ ಕಣ್ಣಿನಿಂದ ನೋಡಿದವರು ಕಡಿಮೆ. ನಾವೂ ನೋಡಿರಲಿಲ್ಲ. ನಮ್ಮ ಪರಿಚಯದ ಇಬ್ಬರು ಯುವಕರು ಒಂದು ಆಟದ ಹೊಸ ಭಾಗದ ಕುರಿತು ಇಫ್ತಾರ್ ಮುಗಿದ ಮೇಲೂ ಎದ್ದು ಹೋಗದೆ ಜಗಳವಾಡುತ್ತಿದ್ದುದನ್ನು ಕಂಡ ಮೇಲೆಯೇ ನಮಗೂ ಕುತೂಹಲ ಹುಟ್ಟಿತು. ಅವರ ಜಗಳ ಗುಂಡು ಹಾರಿಸುವುದರ ಬಗ್ಗೆ ಆಗಿರಲಿಲ್ಲ. ಒಂದು ಜನಸಮುದಾಯ ಯಾವಾಗ ಇನ್ನೊಂದಾಗುತ್ತದೆ ಎಂಬುದರ ಬಗ್ಗೆಯಾಗಿತ್ತು.

ಆಟದ ಹೆಸರು 'ಸಿವಿಲೈಸೇಷನ್'. ಅಂದರೆ ನಾಗರಿಕತೆ. 1991ರಲ್ಲಿ ಅಮೆರಿಕದ ಸಿಡ್ ಮೈಯರ್ ಮತ್ತು ಅವರ ಸಂಗಡಿಗರು ರೂಪಿಸಿದ ಈ ಆಟ ಚದುರಂಗದಂತೆ ಸರದಿಯ ಪ್ರಕಾರ ನಡೆಯುತ್ತದೆ. ನೀವೊಂದು ನಡೆ ನಡೆಸಿದರೆ ಎದುರಾಳಿ ಇನ್ನೊಂದು ನಡೆಸುತ್ತಾನೆ. ಅವಸರವಿಲ್ಲ. ಕ್ರಿಸ್ತಪೂರ್ವ 4000ದಲ್ಲಿ ಒಂದು ಸಣ್ಣ ಗುಂಪನ್ನು ಹಿಡಿದು ಹೊರಟ ಆಟಗಾರ ಊರು ಕಟ್ಟುತ್ತಾನೆ, ಲಿಪಿ ಕಲಿಯುತ್ತಾನೆ, ಯುದ್ಧ ಮಾಡುತ್ತಾನೆ, ಕೊನೆಗೆ ಬಾಹ್ಯಾಕಾಶ ನೌಕೆಯನ್ನೂ ಹಾರಿಸುತ್ತಾನೆ. 'ಇನ್ನೊಂದೇ ಒಂದು ಸರದಿ' ಎನ್ನುತ್ತಾ ಬೆಳಗು ಮಾಡುವವರ ಕಥೆಗಳು ಜಗತ್ತಿನಾದ್ಯಂತ ಇವೆ. ಎರಡನೆಯ ಭಾಗ 1996ರಲ್ಲಿ, ಆರನೆಯದು 2016ರಲ್ಲಿ ಬಂತು. ಪ್ರತಿ ಹೊಸ ಭಾಗದಲ್ಲಿ ಮೂರನೆಯ ಒಂದಂಶ ಹಳೆಯದು, ಇನ್ನೊಂದಂಶ ಸುಧಾರಿಸಿದ್ದು, ಉಳಿದದ್ದು ಹೊಚ್ಚ ಹೊಸದು ಇರಬೇಕೆಂಬುದು ಮೈಯರ್ ಹಾಕಿಕೊಟ್ಟ ಲೆಕ್ಕ. ಪ್ರತಿ ಸಲವೂ ಹೊಸ ಅಂಶಕ್ಕೆ ಬೈಗುಳ ತಪ್ಪಿದ್ದಲ್ಲ. 2010ರ ಐದನೆಯ ಭಾಗದಲ್ಲಿ ಒಂದು ಮನೆಯಲ್ಲಿ ಒಂದೇ ಸೇನಾ ತುಕಡಿ ನಿಲ್ಲಬೇಕೆಂಬ ನಿಯಮ ತಂದಾಗಲೂ ಹಳಬರು ಗೊಣಗಿದ್ದರು. ಅವೆಲ್ಲ ಕಾಯಿ ನಡೆಸುವ ತಕರಾರುಗಳು.

2025ರ ಫೆಬ್ರವರಿಯಲ್ಲಿ ಬಂದ ಏಳನೆಯ ಭಾಗದ್ದು ಹಾಗಲ್ಲ. ಇಲ್ಲಿ ಕಾಲವನ್ನು ಮೂರು ಯುಗಗಳಾಗಿ ಕತ್ತರಿಸಲಾಗಿದೆ: ಪ್ರಾಚೀನ ಯುಗ, ಅನ್ವೇಷಣೆಯ ಯುಗ, ಆಧುನಿಕ ಯುಗ. ಒಂದು ಯುಗ ಮುಗಿದಾಗ ಆಟಗಾರ ತನ್ನ ನಾಗರಿಕತೆಯನ್ನು ಬಿಟ್ಟು ಹೊಸದೊಂದನ್ನು ಆರಿಸಿಕೊಳ್ಳಬೇಕು. ಮೌರ್ಯನಾಗಿ ಆರಂಭಿಸಿದವನು ಚೋಳನಾಗಬಹುದು, ಚೋಳ ಮೊಗಲನಾಗಬಹುದು. ಇತಿಹಾಸ ಪದರ ಪದರವಾಗಿ ಕಟ್ಟಿಕೊಂಡು ಬರುತ್ತದೆ ಎಂಬುದು ಆಟ ರೂಪಿಸಿದವರ ವಾದ. ಜೊತೆಗೆ ಒಂದು ವ್ಯಾವಹಾರಿಕ ಕಾರಣವನ್ನೂ ಅವರು ಕೊಟ್ಟರು. ಹಿಂದಿನ ಭಾಗಗಳಲ್ಲಿ ಮೊದಲರ್ಧದಲ್ಲಿ ಮುಂದೆ ಹೋದವನೇ ಗೆಲ್ಲುತ್ತಿದ್ದ, ಉಳಿದರ್ಧ ಬೇಸರದ ದುಡಿಮೆಯಾಗುತ್ತಿತ್ತು, ಅನೇಕರು ಆಟವನ್ನು ಮುಗಿಸುತ್ತಲೇ ಇರಲಿಲ್ಲ. ನಡುವೆ ಎರಡು ಬಾರಿ ಎಲ್ಲರನ್ನೂ ಸಮಗೊಳಿಸಿದರೆ ಕೊನೆಯವರೆಗೂ ಸ್ವಾರಸ್ಯ ಉಳಿಯುತ್ತದೆ ಎಂಬುದು ಅವರ ಎಣಿಕೆ. ಎಣಿಕೆ ತಪ್ಪೇನಲ್ಲ.

ಆದರೆ ಆಟಗಾರರು ಸಿಟ್ಟಾದರು. ಬಿಡುಗಡೆಯ ದಿನಗಳಲ್ಲಿ ಬಂದ ಅಭಿಪ್ರಾಯಗಳು ಹೊಗಳಿಕೆ ತೆಗಳಿಕೆಗಳ ನಡುವೆ ಸೀಳಿಹೋಗಿದ್ದವು. ಪರದೆಯ ಮೇಲಿನ ಅಚ್ಚುಕಟ್ಟಿಲ್ಲದ ವಿವರಗಳು, ಬ್ರಿಟನ್ ಬೇಕಾದರೆ ಬೇರೆ ದುಡ್ಡು ಕೊಡಬೇಕೆಂಬ ವ್ಯಾಪಾರ ಮುಂತಾದ ದೂರುಗಳೂ ಇದ್ದವು. ಅವನ್ನು ಬಿಡೋಣ. ಮುಖ್ಯ ದೂರು ಯುಗ ಬದಲಾಗುವ ಆ ಗಳಿಗೆಯದ್ದು. ನಡೆಯುತ್ತಿದ್ದ ಯುದ್ಧ ಹಠಾತ್ತನೆ ನಿಲ್ಲುತ್ತದೆ. ಗೆಲ್ಲಲು ಒಂದೇ ನಡೆ ಉಳಿದಿದ್ದರೂ ಮುತ್ತಿಗೆ ಹಾಕಿದ್ದ ಸೈನ್ಯ ಮಾಯವಾಗುತ್ತದೆ ಅಥವಾ ಮನೆಗೆ ಮರಳಿರುತ್ತದೆ. ರಾಜಧಾನಿಯನ್ನು ಬಿಟ್ಟು ಕಷ್ಟಪಟ್ಟು ಬೆಳೆಸಿದ ನಗರಗಳು ಮತ್ತೆ ಪಟ್ಟಣಗಳಾಗಿ ಕುಳಿತಿರುತ್ತವೆ. ನೂರಾರು ಸರದಿಗಳ ಬೆವರಿಗೆ ಅರ್ಥವೇನು ಎಂದು ಅವರು ಕೇಳಿದರು. ನಮ್ಮ ಯುವಕರಲ್ಲಿ ಹಿರಿಯವನು ಅದನ್ನು ಹೀಗೆ ಹೇಳಿದ: "ಮನೆ ಕಟ್ಟಿ ಮಲಗಿದೆ, ಎದ್ದಾಗ ಬಾಗಿಲಲ್ಲಿ ಬೇರೆಯವರ ಹೆಸರಿತ್ತು." ಕಿರಿಯವನ ಉತ್ತರ ತಕ್ಷಣ ಬಂತು: "ಜಗತ್ತಿನಲ್ಲಿ ಯಾವ ಮನೆಯ ಬಾಗಿಲಲ್ಲಿ ಆರು ಸಾವಿರ ವರ್ಷ ಒಂದೇ ಹೆಸರಿತ್ತು ಹೇಳು?"

ಇಬ್ಬರ ಮಾತಿನಲ್ಲೂ ಹುರುಳಿದೆ. ಹಳೆಯ ಆಟದ ನಿರಂತರತೆಯೂ ಶುದ್ಧ ಸುಳ್ಳೇ ಆಗಿತ್ತು. ಮೂರನೆಯ ಭಾಗದಲ್ಲಿ ಅಮೆರಿಕದ ಅಬ್ರಹಾಂ ಲಿಂಕನ್ ಪ್ರಾಚೀನ ಕಾಲದಲ್ಲಿ ಪ್ರಾಣಿ ಚರ್ಮ ತೊಟ್ಟು ಕಾಣಿಸಿಕೊಳ್ಳುತ್ತಿದ್ದರು, ಕಾಲ ಸರಿದಂತೆ ಅವರ ಉಡುಪು ಬದಲಾಗುತ್ತಿತ್ತು. ನಗು ಬರುತ್ತದೆ. ಆದರೆ ಆ ನಗುವಿನ ಹಿಂದೆ ಒಂದು ನಂಬಿಕೆ ಅಡಗಿದೆ. ರಾಷ್ಟ್ರವೆಂಬುದು ಆದಿಯಿಂದಲೂ ಇತ್ತು, ಅದರ ಹೆಸರು, ಗುಣ, ಶತ್ರು ಎಲ್ಲವೂ ಮೊದಲೇ ನಿಶ್ಚಿತ ಎಂಬ ನಂಬಿಕೆ ಅದು. ಯಾರು ರಾಷ್ಟ್ರ, ಯಾರು ಅಲ್ಲ ಎಂಬುದನ್ನೂ ಆಟವೇ ನಿರ್ಧರಿಸಿತ್ತು. 1991ರ ಮೊದಲ ಭಾಗದ 14 ನಾಗರಿಕತೆಗಳಲ್ಲಿ ಅರಬರಿರಲಿಲ್ಲ. ಅವರು ಬಂದದ್ದು ಮೂರನೆಯ ಭಾಗಕ್ಕೆ 2002ರಲ್ಲಿ ಸೇರಿಸಿದ ಪುರವಣಿಯಲ್ಲಿ. ಅಲ್ಲಿ ನಾಯಕರಾಗಿ ಹಝ್ರತ್ ಅಬೂಬಕರ್(ರ)ರಿಗೆ ಮುಖ ಬರೆದು ಕೂರಿಸಲಾಗಿತ್ತು. ಪ್ರವಾದಿಯವರ(ಸ) ಸಂಗಾತಿಗಳ ಚಿತ್ರ ಬರೆಯುವುದನ್ನು ಮುಸ್ಲಿಮರು ಸಾಮಾನ್ಯವಾಗಿ ಒಪ್ಪುವುದಿಲ್ಲ ಎಂಬುದನ್ನು ಯಾರಾದರೂ ಒಬ್ಬರನ್ನು ಕೇಳಿದ್ದರೂ ತಿಳಿಯುತ್ತಿತ್ತು. ಮುಂದಿನ ಭಾಗಗಳಲ್ಲಿ ಸಲಾಹುದ್ದೀನ್, ಹಾರೂನ್ ಅಲ್ ರಶೀದ್ ಬಂದರು.

ಹಾಗಾದರೆ ಬದಲಾವಣೆಯನ್ನು ಒಪ್ಪಿಕೊಂಡ ಹೊಸ ಆಟ ಹಳೆಯದಕ್ಕಿಂತ ಸತ್ಯಕ್ಕೆ ಹತ್ತಿರವಲ್ಲವೇ? ನಾವೂ ಮೊದಲು ಹಾಗೆಯೇ ಎಣಿಸಿದ್ದೆವು. ಸ್ವಲ್ಪ ಹತ್ತಿರದಿಂದ ನೋಡಿದಾಗ ಬೇರೆಯದೇ ಕಂಡಿತು.

2024ರ ಆಗಸ್ಟ್‌ನಲ್ಲಿ ಆಟವನ್ನು ಮೊದಲ ಬಾರಿ ವಿವರವಾಗಿ ತೋರಿಸಿದಾಗ ಕೊಟ್ಟ ಉದಾಹರಣೆ ಈಜಿಪ್ಟಿನದು. ಪ್ರಾಚೀನ ಈಜಿಪ್ಟ್ ಮುಂದಿನ ಯುಗದಲ್ಲಿ ಸೋಂಘೈ ಆಯಿತು. ಸೋಂಘೈ ಎಂದರೆ ಸಾವಿರಾರು ಕಿಲೋಮೀಟರ್ ಆಚೆ, ಪಶ್ಚಿಮ ಆಫ್ರಿಕದ ನೈಜರ್ ನದಿಯ ದಡದಲ್ಲಿ ತಿಂಬಕ್ಟುವನ್ನು ಆಳಿದ ಮುಸ್ಲಿಮ್ ರಾಜ್ಯ. ಎರಡಕ್ಕೂ ನದಿಯಿದೆ, ಎರಡೂ ಆಫ್ರಿಕದಲ್ಲಿವೆ. ಅಷ್ಟೇ ಸಂಬಂಧ. ಆಫ್ರಿಕವೆಂದರೆ ಒಂದೇ ಊರು ಎಂದುಕೊಂಡವರಷ್ಟೇ ಮಾಡಬಹುದಾದ ಜೋಡಣೆ ಇದು. ಟೀಕೆ ಬಂತು. ಬಿಡುಗಡೆಯಾದ ಆಟದಲ್ಲಿ ಅಬ್ಬಾಸಿಗಳೂ ಇದ್ದಾರೆ, ಆ ದಾರಿ ಹಿಡಿಯಲು ಅವಕಾಶವಿದೆ. ಆದರೆ ಹೆಸರು ಸರಿಯಾದರೆ ಸಾಕೇ?

ನಿಜವಾದ ಈಜಿಪ್ಟಿನಲ್ಲಿ ಏನಾಯಿತು? ಅಮ್ರ್ ಬಿನ್ ಆಸ್(ರ)ರ ಸೈನ್ಯ ಅಲ್ಲಿ ಕಾಲಿಟ್ಟದ್ದು 639ರ ಕೊನೆಯಲ್ಲಿ. ಮರುದಿನ ಬೆಳಿಗ್ಗೆ ಯಾರೂ ಬದಲಾಗಲಿಲ್ಲ. ಆಡಳಿತದ ಲೆಕ್ಕಪತ್ರಗಳು ದಶಕಗಳವರೆಗೂ ಗ್ರೀಕ್ ಭಾಷೆಯಲ್ಲೇ ನಡೆದವು. ಫರೋಹರ ಕಾಲದ ಭಾಷೆಯ ಕೊನೆಯ ರೂಪವಾದ ಕಾಪ್ಟಿಕ್ ಹಳ್ಳಿಗಳಲ್ಲಿ ಶತಮಾನಗಳ ಕಾಲ ಬದುಕಿತ್ತು, ಇಂದಿಗೂ ಅಲ್ಲಿನ ಕ್ರೈಸ್ತರ ಪ್ರಾರ್ಥನೆಯಲ್ಲಿ ಕೇಳಿಬರುತ್ತದೆ. ನೈಲ್ ನದಿಯ ನೆರೆಯನ್ನು ಅಳೆದು ಅದರಂತೆ ಕಂದಾಯ ನಿಗದಿ ಮಾಡುವ ಪದ್ಧತಿ ಫರೋಹರದ್ದು. ಕೈರೋದ ರೋಡಾ ದ್ವೀಪದಲ್ಲಿ ಇಂದಿಗೂ ಉಳಿದಿರುವ ನೈಲ್ ಮಾಪಕವನ್ನು 861ರಲ್ಲಿ ಕಟ್ಟಿಸಿದವನು ಅಬ್ಬಾಸಿ ಖಲೀಫ ಮುತವಕ್ಕಿಲ್. ದೊರೆ ಬದಲಾದ, ಧರ್ಮ ನಿಧಾನವಾಗಿ ಬದಲಾಯಿತು, ಭಾಷೆ ಇನ್ನೂ ನಿಧಾನವಾಗಿ ಬದಲಾಯಿತು, ನೀರು ಅಳೆಯುವ ಕೆಲಸ ಬದಲಾಗಲಿಲ್ಲ. ಒಂದೊಂದು ಸಂಗತಿಗೆ ಒಂದೊಂದು ಗಡಿಯಾರ.

ಏಳನೆಯ ಭಾಗದಲ್ಲಿ ಇರುವುದು ಒಂದೇ ಗಡಿಯಾರ. ಭೂಮಿಯ ಮೇಲಿನ ಎಲ್ಲರಿಗೂ ಒಂದೇ ಗಳಿಗೆಯಲ್ಲಿ ಪ್ರಾಚೀನ ಯುಗ ಮುಗಿಯುತ್ತದೆ. ಅದಕ್ಕೂ ಮುಂಚೆ ದಂಗೆಯೋ ರೋಗವೋ ದಾಳಿಯೋ ಬಂದು ಎಲ್ಲರನ್ನೂ ಸೊರಗಿಸುತ್ತದೆ, ಆಮೇಲೆ ಶಾಲೆಯ ಗಂಟೆಯಂತೆ ಯುಗದ ಗಂಟೆ ಬಾರಿಸುತ್ತದೆ. ಹಿಂದಿನ ನಾಗರಿಕತೆಯ ಕೆಲವು ಸಂಪ್ರದಾಯಗಳನ್ನೂ ಕಟ್ಟಡಗಳನ್ನೂ ಮುಂದಕ್ಕೆ ಒಯ್ಯಬಹುದು, ಅಷ್ಟನ್ನು ಒಪ್ಪಬೇಕು. ಆದರೆ ಮೂರು ಪೆಟ್ಟಿಗೆಗಳ ಗೋಡೆ ಮಾತ್ರ ಗಟ್ಟಿ.

ಈ ಮೂರು ಪೆಟ್ಟಿಗೆಗಳನ್ನು ನಾವು ಎಲ್ಲೋ ನೋಡಿದ್ದೇವೆ ಎನಿಸುತ್ತದೆಯಲ್ಲವೇ? ಭಾರತಕ್ಕೆ ಒಮ್ಮೆಯೂ ಕಾಲಿಡದ ಜೇಮ್ಸ್ ಮಿಲ್ 1817ರಲ್ಲಿ ಬರೆದ ಭಾರತದ ಇತಿಹಾಸದಲ್ಲಿ ಹಿಂದೂ, ಮುಸ್ಲಿಮ್, ಬ್ರಿಟಿಷ್ ಎಂದು ಕಾಲವನ್ನು ಮೂರಾಗಿ ಕಡಿದಿಟ್ಟ. ಮುಂದೆ ಪಠ್ಯಪುಸ್ತಕಗಳು ಪ್ರಾಚೀನ, ಮಧ್ಯಯುಗ, ಆಧುನಿಕ ಎಂದು ಹೆಸರು ಬದಲಿಸಿದರೂ ಪೆಟ್ಟಿಗೆ ಬದಲಾಗಲಿಲ್ಲ. ಮೌರ್ಯ, ಚೋಳ, ಮೊಗಲ ಎಂಬ ಆಟದ ಸರಪಣಿ ಮಿಲ್‌ನಷ್ಟು ಕೆಟ್ಟದ್ದಲ್ಲ, ಮೊಗಲರನ್ನು ಹೊರಗಿನವರೆಂದು ತಳ್ಳದೆ ಆಧುನಿಕ ಯುಗದ ಭಾರತದ ಸ್ಥಾನದಲ್ಲಿ ನಿಲ್ಲಿಸಿರುವುದು ಗಮನಾರ್ಹ. ಆದರೆ ಚೋಳರ ಆಳ್ವಿಕೆ 1279ರಲ್ಲಿ ಮುಗಿಯಿತು, ಬಾಬರ್ ದಿಲ್ಲಿಗೆ ಬಂದದ್ದು 1526ರಲ್ಲಿ. ನಡುವಿನ ಎರಡೂವರೆ ಶತಮಾನ ಎಲ್ಲಿ ಹೋಯಿತು? ನಮ್ಮ ಕಡೆಯ ವಿಜಯನಗರ, 1347ರಲ್ಲಿ ಹುಟ್ಟಿದ ಕಲಬುರಗಿಯ ಬಹಮನಿ ರಾಜ್ಯ, ಎಲ್ಲವೂ ಆ ಗಂಟೆಯ ಸದ್ದಿನಲ್ಲಿ ಮುಳುಗಿಹೋಗಿವೆ.

ಇನ್ನೊಂದು ತಮಾಷೆ. ಈ ಆಟದ ನಾಯಕರಲ್ಲಿ ಇಬ್ನ್ ಬತೂತ ಇದ್ದಾರೆ. ಮೊರಾಕ್ಕೋದ ಆ ಮಹಾ ಪ್ರವಾಸಿ 14ನೇ ಶತಮಾನದಲ್ಲಿ ನಮ್ಮ ಹೊನ್ನಾವರಕ್ಕೂ ಬಂದಿದ್ದರು. ಅಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಶಾಲೆಗಳನ್ನು ಕಂಡುದಾಗಿಯೂ ಅಲ್ಲಿನ ಸ್ತ್ರೀಯರು ಕುರ್‌ಆನನ್ನು ಕಂಠಪಾಠ ಮಾಡಿದ್ದರೆಂದೂ ದಾಖಲಿಸಿದ್ದಾರೆ. ಆ ಊರಿನ ಸುಲ್ತಾನ ಒಬ್ಬ ಹಿಂದೂ ಅರಸನ ಅಧೀನನಾಗಿದ್ದ ಎಂದೂ ಬರೆದಿದ್ದಾರೆ. ಆ ಅರಸ ವಿಜಯನಗರದ ಹರಿಹರನೆಂದು ಇತಿಹಾಸಕಾರರು ಗುರುತಿಸುತ್ತಾರೆ. ಈ ಹೊನ್ನಾವರವನ್ನು ಯಾವ ಪೆಟ್ಟಿಗೆಗೆ ಹಾಕುವುದು? ಆಟದಲ್ಲಿ ಮಹಾಸಾಗರ ದಾಟಲು ಅನ್ವೇಷಣೆಯ ಯುಗದವರೆಗೆ ಕಾಯಬೇಕು, ಆಮೇಲೆ 'ದೂರದ ನಾಡು'ಗಳಿಂದ ಸಂಪತ್ತಿನ ಹಡಗು ತಂದವನಿಗೆ ಅಂಕ. ಇದು ಲಿಸ್ಬನ್ನಿನ ಬಂದರಿನಿಂದ ಕಂಡ ಜಗತ್ತು. ಅರಬ್ಬಿ ಕಡಲಿನಲ್ಲಿ ಮುಂಗಾರು ಗಾಳಿ ಹಿಡಿದು ಕ್ರಿಸ್ತಶಕದ ಆರಂಭಕ್ಕೇ ಹಡಗುಗಳು ಓಡಾಡುತ್ತಿದ್ದವು. ನಮ್ಮ ಕರಾವಳಿಯವರಿಗೆ ಆ ನಾಡುಗಳು ದೂರದವಾಗಿರಲಿಲ್ಲ.

ಧರ್ಮದ ವಿಷಯ ಹೇಳದಿರುವುದೇ ಲೇಸು. ಬಿಡುಗಡೆಯಾದಾಗ ಇದ್ದ ರೂಪದಲ್ಲಿ ಅದು ಪ್ರಚಾರಕರನ್ನು ಕಳುಹಿಸಿ ಊರುಗಳನ್ನು ಮತಾಂತರಿಸಿ ಪವಿತ್ರ ಸ್ಮಾರಕಗಳನ್ನು ತೋಷಖಾನೆಗೆ ತುಂಬಿಸುವ ಕೆಲಸ ಮಾತ್ರ. ನೀವು ಬದಲಿಸಿದ ಊರನ್ನು ಎದುರಾಳಿ ಮರುಸರದಿಯಲ್ಲಿ ಬದಲಿಸುತ್ತಾನೆ, ತಡೆಯಲು ದಾರಿಯಿಲ್ಲ. ಆಧುನಿಕ ಯುಗ ಬಂದೊಡನೆ ಧರ್ಮ ಮೂಲೆಗೆ. ದೇವರಲ್ಲಿ ನಂಬಿಕೆಯಿಲ್ಲದ ಆಟಗಾರರೂ ಇದು ಪೇಲವವಾಗಿದೆ ಎಂದು ದೂರಿದ್ದಾರೆ.

ಆದರೆ ನಮ್ಮನ್ನು ಎಲ್ಲಕ್ಕಿಂತ ಹೆಚ್ಚು ಕಾಡಿದ್ದು, ಚರ್ಚೆಯಲ್ಲಿ ಕೇವಲ ಗೊಂದಲದ ದೂರಾಗಿ ಬಂದುಹೋದ ಒಂದು ಸಂಗತಿ. ಎದುರಿಗೆ ಯಾರಿದ್ದಾರೆಂದು ನೆನಪೇ ಉಳಿಯುವುದಿಲ್ಲ, ನಾಗರಿಕತೆಗಳ ಹೆಸರು ಬದಲಾಗುತ್ತಲೇ ಇರುತ್ತದೆ, ಆದ್ದರಿಂದ ನಾಯಕನ ಮುಖ ನೋಡಿಯೇ ಗುರುತು ಹಿಡಿಯಬೇಕು ಎಂದು ಆಟಗಾರರು ಹೇಳಿದರು. ಹೌದು, ಈ ಆಟದಲ್ಲಿ ನಾಯಕ ಮಾತ್ರ ಬದಲಾಗುವುದಿಲ್ಲ. ಅಶೋಕ ಮೌರ್ಯರನ್ನು ಆಳುತ್ತಾನೆ, ಚೋಳರನ್ನೂ ಆಳುತ್ತಾನೆ, ಮೊಗಲರನ್ನೂ ಆಳುತ್ತಾನೆ. ಬೇಕಾದರೆ ರೋಮನ್ನರನ್ನೂ ಆಳಬಲ್ಲ. ಹಿಂದೆ ಲಿಂಕನ್ ಯುಗಕ್ಕೊಂದು ಅಂಗಿ ಬದಲಿಸುತ್ತಿದ್ದರು. ಈಗ ದೊರೆ ಬದಲಿಸುವ ಅಂಗಿ ಜನರೇ ಆಗಿದ್ದಾರೆ. ಇತಿಹಾಸದಲ್ಲಿ ನಡೆದದ್ದು ತದ್ವಿರುದ್ಧ. ದೊರೆಗಳು ಬಂದು ಹೋದರು, ಉಳುವವನೂ ನೇಯುವವಳೂ ನೈಲ್ ನೀರು ಅಳೆಯುವವನೂ ಉಳಿದರು. ಮನೆ ಕಳೆದುಹೋಯಿತು ಎಂದ ಹಿರಿಯ ಯುವಕನ ನೋವಿಗೆ ಕಾರಣ ಹೆಸರು ಬದಲಾದದ್ದಲ್ಲ. ಉಳಿಯಬೇಕಾದದ್ದು ಹೋಗಿ, ಹೋಗಬೇಕಾದದ್ದು ಉಳಿದದ್ದು. ಇದಕ್ಕೂ ನಾಲ್ಕು ವರ್ಷ ಮೊದಲು, 2021ರಲ್ಲಿ ಬಂದ 'ಹ್ಯೂಮನ್‌ಕೈಂಡ್' ಎಂಬ ಫ್ರೆಂಚ್ ಕಂಪೆನಿಯ ಆಟವೂ ಯುಗಕ್ಕೊಂದು ಸಂಸ್ಕೃತಿ ಬದಲಿಸುವ ಇದೇ ಪ್ರಯೋಗ ಮಾಡಿ ಇದೇ ದೂರು ಕೇಳಿತ್ತು. ಅದರಿಂದ ಯಾರೂ ಪಾಠ ಕಲಿತಂತೆ ಕಾಣುವುದಿಲ್ಲ.

ರೂಪಿಸಿದವರು ಕಿವುಡರೇನಲ್ಲ. ಯುಗ ಬದಲಾದರೂ ಸೈನ್ಯ ಇದ್ದಲ್ಲೇ ಇರುವಂತೆ ಮಾಡುವ ಆಯ್ಕೆಯನ್ನು 2025ರಲ್ಲೇ ಕೊಟ್ಟರು. ಆ ವರ್ಷದ ಕೊನೆಯ ಹೊತ್ತಿಗೆ, ಮೂರೂ ಯುಗಗಳನ್ನು ಒಂದೇ ನಾಗರಿಕತೆಯೊಂದಿಗೆ ಆಡುವ ದಾರಿಯನ್ನು ಪರೀಕ್ಷಿಸುತ್ತಿರುವುದಾಗಿಯೂ ತಿಳಿಸಿದರು. ಆಟಗಾರರು ಗೆದ್ದರೆಂದು ಅನೇಕರು ಸಂಭ್ರಮಿಸಿದರು. ನಮಗೆ ಅಷ್ಟು ಸಂಭ್ರಮವಾಗಲಿಲ್ಲ. ಒಂದು ಸುಳ್ಳು ಬೇಡವೆಂದಾಗ ಹಳೆಯ ಸುಳ್ಳನ್ನೇ ಮರಳಿ ಕೊಟ್ಟಂತಾಯಿತು.

ಮೊನ್ನೆ ಆ ಇಬ್ಬರು ಯುವಕರು ಮತ್ತೆ ಸಿಕ್ಕಿದ್ದರು. ಮೌರ್ಯರನ್ನೇ ಕೊನೆಯವರೆಗೂ ಉಳಿಸಿ ರೈಲು ಹಳಿ ಹಾಕಿಸುತ್ತೇನೆ ಎಂದು ಹಿರಿಯವನು ಹೇಳುತ್ತಿದ್ದ. ಆ ರೈಲಿನಲ್ಲಿ ಯಾರು ಕೂರುತ್ತಾರೆ ಎಂದು ಕಿರಿಯವನು ಕೇಳಿದ. ಇಬ್ಬರೂ ಸ್ವಲ್ಪ ಹೊತ್ತು ಯೋಚಿಸಿದರು. ಅಶೋಕನಂತೂ ಇರುತ್ತಾನೆ ಎಂದು ನಾವೇ ಹೇಳಿದೆವು.