ಜಠರದ ಕ್ಯಾನ್ಸರ್: ಆರೋಪಿ ಬ್ಯಾಕ್ಟೀರಿಯವೋ, ಉರಿಯೂತವೋ?

ಹೆಲಿಕೋಬ್ಯಾಕ್ಟರ್ ಪೈಲೋರಿ ಬ್ಯಾಕ್ಟೀರಿಯ ಸಾಮಾನ್ಯವಾಗಿ ಬಾಲ್ಯದಲ್ಲೇ ಜಠರವನ್ನು ಸೇರುತ್ತದೆ; ಚಿಕಿತ್ಸೆಯಾಗದಿದ್ದರೆ ಹೆಚ್ಚಿನವರಲ್ಲಿ ಜೀವಮಾನವಿಡೀ ಉಳಿಯುತ್ತದೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1994ರಲ್ಲಿ ಇದನ್ನು ಮೊದಲ ವರ್ಗದ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು. ಆದರೂ ಸೋಂಕಿತರಲ್ಲಿ ಬಹುಪಾಲು ಜನರಿಗೆ ಕ್ಯಾನ್ಸರ್ ಬರುವುದಿಲ್ಲ. ಇದಕ್ಕೆ ಪ್ರಚಲಿತವಾಗಿರುವ ವಿವರಣೆಯ ಪ್ರಕಾರ, ಬ್ಯಾಕ್ಟೀರಿಯವನ್ನು ಹೊರಹಾಕಲಾರದೆ ದಶಕಗಟ್ಟಲೆ ಮುಂದುವರಿಯುವ ರೋಗನಿರೋಧಕ ಪ್ರತಿಕ್ರಿಯೆಯೇ ಹಾನಿಯ ಮುಖ್ಯ ಮೂಲ. ಈ ವಾದ ಎಷ್ಟು ಗಟ್ಟಿ ಎಂಬುದನ್ನು ಪುರಾವೆಗಳೇ ಹೇಳಬೇಕು.

ವಾದದ ಚೌಕಟ್ಟು ರೋಗಶಾಸ್ತ್ರಜ್ಞ ಪೆಲಾಯೊ ಕೊರಿಯ ಅವರದು. ದೀರ್ಘಕಾಲದ ಉರಿಯೂತ, ಆಮ್ಲ ಸ್ರವಿಸುವ ಗ್ರಂಥಿಗಳ ನಾಶ, ಜಠರದ ಒಳಪದರ ಕರುಳಿನ ಒಳಪದರದಂತಾಗುವುದು, ಜೀವಕೋಶಗಳ ವಿಕೃತ ಬೆಳವಣಿಗೆ, ಕೊನೆಗೆ ಕ್ಯಾನ್ಸರ್: ಇದು ಅವರು ಗುರುತಿಸಿದ ಕ್ರಮ. ಸೋಂಕಿನ ಜಾಗಕ್ಕೆ ಧಾವಿಸುವ ಬಿಳಿ ರಕ್ತಕಣಗಳು ಆಮ್ಲಜನಕ ಮತ್ತು ಸಾರಜನಕದ ಕ್ರಿಯಾಶೀಲ ಕಣಗಳನ್ನು ಹೊರಬಿಡುತ್ತವೆ. ಇವು ಜಠರದ ಜೀವಕೋಶಗಳ ಡಿಎನ್‌ಎಗೂ ಪೆಟ್ಟು ಕೊಡುತ್ತವೆ. ಇಂಟರ್‌ಲ್ಯೂಕಿನ್-1 ಬೀಟಾ ಎಂಬ ಸಂದೇಶವಾಹಕ ಪ್ರೋಟೀನ್ ಉರಿಯೂತವನ್ನು ಹೆಚ್ಚಿಸುವುದರ ಜೊತೆಗೆ ಆಮ್ಲ ಸ್ರಾವವನ್ನೂ ತಗ್ಗಿಸುತ್ತದೆ. ಇತ್ತ ನಿಯಂತ್ರಕ ಟಿ ಕೋಶಗಳು ಪ್ರತಿಕ್ರಿಯೆಗೆ ಕಡಿವಾಣ ಹಾಕುವುದರಿಂದ ಬ್ಯಾಕ್ಟೀರಿಯ ಪೂರ್ತಿ ನಾಶವಾಗುವುದಿಲ್ಲ. ಸೋಂಕೂ ಮುಗಿಯದು, ಉರಿಯೂತವೂ ಆರದು.

ಈ ವಾದಕ್ಕೆ ಬೆಂಬಲ ಕಡಿಮೆಯೇನಲ್ಲ. 2000ದಲ್ಲಿ ಜೇಮ್ಸ್ ಫಾಕ್ಸ್ ತಂಡ ಇಲಿಗಳಿಗೆ ಹೆಲಿಕೋಬ್ಯಾಕ್ಟರ್ ಜೊತೆ ಕರುಳಿನ ಹುಳುಗಳನ್ನೂ ಸೋಂಕಿಸಿತು. ಹುಳುಗಳಿಂದ ರೋಗನಿರೋಧಕ ಪ್ರತಿಕ್ರಿಯೆಯ ದಿಕ್ಕು ಬದಲಾಗಿ, ಬ್ಯಾಕ್ಟೀರಿಯ ಉಳಿದಿದ್ದರೂ ಗ್ರಂಥಿಗಳ ನಾಶ ತಗ್ಗಿತು. ಅದೇ ವರ್ಷ ಎಮಾದ್ ಎಲ್-ಒಮರ್ ತಂಡವು ಇಂಟರ್‌ಲ್ಯೂಕಿನ್-1ರ ಕೆಲವು ವಂಶವಾಹಿ ರೂಪಗಳಿರುವವರಲ್ಲಿ ಜಠರದ ಕ್ಯಾನ್ಸರಿನ ಅಪಾಯ ಹೆಚ್ಚೆಂದು ವರದಿ ಮಾಡಿತು. ಬೇರೆ ಜನಸಮುದಾಯಗಳ ಎಲ್ಲ ಅಧ್ಯಯನಗಳಲ್ಲೂ ಈ ಸಂಬಂಧ ಕಂಡುಬರಲಿಲ್ಲ.

ನಿಜವಾದ ಪರೀಕ್ಷೆ ಒದಗಿದ್ದು 2008ರ ಎರಡು ಇಲಿ ಪ್ರಯೋಗಗಳಲ್ಲಿ. ಒಂದರಲ್ಲಿ, ಜಠರದಲ್ಲಿ ಇಂಟರ್‌ಲ್ಯೂಕಿನ್-1 ಬೀಟಾ ಅತಿಯಾಗಿ ತಯಾರಾಗುವಂತೆ ಮಾಡಿದ ಇಲಿಗಳಿಗೆ ಸೋಂಕಿಲ್ಲದೆಯೇ ಉರಿಯೂತವೂ ಕ್ಯಾನ್ಸರೂ ಬಂದವು. ಇನ್ನೊಂದರಲ್ಲಿ ಕಾಗ್‌ಎ ಎಂಬ ಬ್ಯಾಕ್ಟೀರಿಯದ ಪ್ರೋಟೀನನ್ನು ಇಲಿಯ ಜೀವಕೋಶಗಳೇ ತಯಾರಿಸುವಂತೆ ಮಾಡಿದಾಗ ಕೆಲವು ಇಲಿಗಳಲ್ಲಿ ಜಠರದ ಕ್ಯಾನ್ಸರ್ ಕಾಣಿಸಿಕೊಂಡಿತು. ಮೊದಲನೆಯದು ಉರಿಯೂತವೊಂದೇ ಸಾಕೆನ್ನುತ್ತದೆ. ಎರಡನೆಯದು ಬ್ಯಾಕ್ಟೀರಿಯದ ನೇರ ಪಾತ್ರವನ್ನು ತಳ್ಳಿಹಾಕಲು ಬಿಡುವುದಿಲ್ಲ. ಎರಡರಲ್ಲೂ ಬಳಸಿದ್ದು ಕೃತಕವಾಗಿ ಮಾರ್ಪಡಿಸಿದ ಪ್ರಾಣಿಗಳನ್ನು. ಸಹಜ ಸೋಂಕಿನಲ್ಲಿ ಯಾವುದರ ಪಾಲೆಷ್ಟು ಎಂಬುದನ್ನು ಅವುಗಳಿಂದ ಅಳೆಯಲಾಗದು. ಉಪ್ಪು ಹೆಚ್ಚಿರುವ ಆಹಾರ, ಧೂಮಪಾನಗಳ ಪಾತ್ರವೂ ಇವುಗಳ ಲೆಕ್ಕಕ್ಕೆ ಬರುವುದಿಲ್ಲ.

ಮನುಷ್ಯರಲ್ಲಿ ನಡೆದ ಅಧ್ಯಯನಗಳು ಹೆಚ್ಚು ಸ್ಪಷ್ಟ. 2001ರಲ್ಲಿ ಪ್ರಕಟವಾದ ಜಪಾನಿನ ಅಧ್ಯಯನದಲ್ಲಿ 1,246 ಸೋಂಕಿತರ ಪೈಕಿ 36 ಮಂದಿಗೆ ಕ್ಯಾನ್ಸರ್ ಬಂತು. ಸೋಂಕಿಲ್ಲದ 280 ಮಂದಿಯಲ್ಲಿ ಒಬ್ಬರಿಗೂ ಬರಲಿಲ್ಲ. 2004ರಲ್ಲಿ ವರದಿಯಾದ ಚೀನಾದ ಪ್ರಯೋಗದಲ್ಲಿ ಆಂಟಿಬಯೋಟಿಕ್ ಪಡೆದವರಲ್ಲಿ 7, ಪಡೆಯದವರಲ್ಲಿ 11 ಮಂದಿಗೆ ಕ್ಯಾನ್ಸರ್ ಬಂದಿತ್ತು. ಒಟ್ಟಾರೆ ಈ ವ್ಯತ್ಯಾಸ ನಿರ್ಣಾಯಕವಲ್ಲ. ಆದರೆ ಕ್ಯಾನ್ಸರ್‌ಪೂರ್ವ ಬದಲಾವಣೆಗಳಿಲ್ಲದವರನ್ನಷ್ಟೇ ನೋಡಿದರೆ ಸಂಖ್ಯೆ ಕ್ರಮವಾಗಿ 0 ಮತ್ತು 6.

ಆದ್ದರಿಂದ ಉರಿಯೂತದ ವಾದ ತಿದ್ದುಪಡಿಯೊಂದಿಗೆ ನಿಲ್ಲುತ್ತದೆ: ಪ್ರತಿಕ್ರಿಯೆ ಹಾನಿಯ ಮುಖ್ಯ ವಾಹಕ, ಆದರೆ ಏಕೈಕ ಕಾರಣವಲ್ಲ. ಚಿಕಿತ್ಸೆಯ ಮಟ್ಟಿಗೆ ಮಾತ್ರ ತೀರ್ಪು ಸರಳ: ಗ್ರಂಥಿಗಳು ನಾಶವಾಗುವ ಮೊದಲೇ ಸೋಂಕನ್ನು ತೊಲಗಿಸಿದರೆ ಲಾಭ ಅತಿ ಹೆಚ್ಚು.